ಹದಿಹರೆಯದ ಪ್ರೇಮಕಥೆ ಓದಬೇಕು, ಯಾವುದರಿಂದ ಶುರು ಮಾಡಲಿ?

"ಸಿನಿಮಾ ನೋಡಿದೆ, ತುಂಬಾ ಇಷ್ಟ ಆಯ್ತು. ಅದರ ಪುಸ್ತಕವನ್ನೇ ತಗೊಳ್ಳಲಾ, ಬೇರೆ ಏನಾದ್ರೂ ಇದೆಯಾ?" ಈ ಪ್ರಶ್ನೆಯನ್ನು ಪಿಯುಸಿ ಓದುವ ಹುಡುಗಿ ಕೇಳುತ್ತಾಳೆ. ಮಗಳ ಹುಟ್ಟುಹಬ್ಬಕ್ಕೆ ಪುಸ್ತಕ ಹುಡುಕುವ ತಾಯಿ ಕೇಳುತ್ತಾರೆ. ಆಫೀಸು ಮುಗಿಸಿ ಬಂದು ಏನಾದರೂ ಹಗುರವಾದದ್ದು ಓದಬೇಕು ಅನ್ನುವ ನಲವತ್ತರ ಗೆಳೆಯನೂ ಕೇಳುತ್ತಾನೆ, ಸ್ವಲ್ಪ ದನಿ ತಗ್ಗಿಸಿ. ದನಿ ತಗ್ಗಿಸಬೇಕಾಗಿಲ್ಲ. ಈ ಪುಸ್ತಕಗಳನ್ನು ಕೊಳ್ಳುವವರಲ್ಲಿ ದೊಡ್ಡವರೂ ಬಹಳ ಜನ ಇದ್ದಾರೆ.

ಕಷ್ಟ ಏನೆಂದರೆ, ಅಂಗಡಿಯ ಕಪಾಟಿನ ಮುಂದೆ ನಿಂತರೆ ಎಲ್ಲವೂ ಒಂದೇ ಥರ ಕಾಣುತ್ತವೆ. ತಿಳಿಗುಲಾಬಿ ಹೊದಿಕೆ, ಅದರ ಮೇಲೆ ಕಾರ್ಟೂನಿನಂಥ ಒಂದು ಜೋಡಿ. ಬೆನ್ನುಪುಟದಲ್ಲಿ 'ನಗಿಸುತ್ತದೆ, ಅಳಿಸುತ್ತದೆ' ಎಂಬ ಭರವಸೆ. ಅದರಲ್ಲಿ ಯಾವುದು ಹದಿಮೂರರ ಹುಡುಗಿಗೆ, ಯಾವುದು ದೊಡ್ಡವರಿಗೆ ಅಂತ ಹೊದಿಕೆ ನೋಡಿ ಹೇಳಲು ಆಗುವುದಿಲ್ಲ. ಕಾಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್' (2016) ಎಷ್ಟೋ ಕಡೆ ಇದೇ ಕಪಾಟಿನಲ್ಲಿ ಕೂತಿರುತ್ತದೆ. ಆದರೆ ಅದು ದೊಡ್ಡವರ ಕಾದಂಬರಿ, ಗಂಡನ ಹೊಡೆತದ ಕಥೆ. ಮೇಲೆ ಹೂವು ಇದೆ ಅಂತ ಕೊಂಡು ಮಗುವಿಗೆ ಕೊಟ್ಟರೆ ಫಜೀತಿ.

ಹಾಗಾಗಿ ಮೊದಲ ಪರೀಕ್ಷೆ ಸುಲಭದ್ದು. ಕಥಾನಾಯಕಿಯ ವಯಸ್ಸು ನೋಡಿ. 'ಯಂಗ್ ಅಡಲ್ಟ್' ಅನ್ನುವ ಈ ವಿಭಾಗ ಸುಮಾರು 12ರಿಂದ 18ರ ಓದುಗರಿಗೆಂದು ಬರೆದದ್ದು. ಕಥೆಯ ಹುಡುಗ ಹುಡುಗಿಯರೂ ಸಾಮಾನ್ಯವಾಗಿ 15ರಿಂದ 18ರ ಒಳಗಿನವರು. ಬೆನ್ನುಪುಟದಲ್ಲಿ ನೌಕರಿ, ಬಾಸು, ಡಿವೋರ್ಸು ಅಂತ ಕಂಡರೆ ಅದು ಬೇರೆ ಕಪಾಟಿನದು.

ಯಾವುದನ್ನು ನೋಡಿ ಆರಿಸಬೇಕು

ಜನ ಸಾಮಾನ್ಯವಾಗಿ ನೋಡುವುದು ಪ್ರೀತಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು. ಸುಳ್ಳು ಪ್ರೀತಿಯ ನಾಟಕ ನಿಜವಾಗುವುದು, ಜಗಳಗಂಟಿಗಳು ಜೋಡಿಯಾಗುವುದು, ಒಬ್ಬಳಿಗೆ ಇಬ್ಬರು. ನನ್ನ ಪ್ರಕಾರ ಅದು ಅಷ್ಟು ಮುಖ್ಯವಲ್ಲ. ಈ ಪುಸ್ತಕಗಳಲ್ಲಿ ಪ್ರೀತಿಯ ಭಾಗ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತದೆ. ಭೇಟಿ, ಸಿಟ್ಟು, ಸ್ನೇಹ, ಒಂದು ಮುತ್ತು, ಒಂದು ತಪ್ಪು ತಿಳಿವಳಿಕೆ. ಪುಸ್ತಕ ಪುಸ್ತಕಕ್ಕೂ ಬದಲಾಗುವುದು ಅದರ ಪಕ್ಕದಲ್ಲಿ ನಡೆಯುವ ಇನ್ನೊಂದು ಕಥೆ. ತೀರಿಹೋದ ಅಮ್ಮ, ಕಾಯಿಲೆ, ಬಡತನ, ವೀಸಾ, ಮನೆಯವರು ನೋಡಿಟ್ಟ ಹುಡುಗ. ಪುಸ್ತಕ ಮುಚ್ಚಿದ ಮೇಲೆ ತಲೆಯಲ್ಲಿ ಉಳಿಯುವುದು ಇದು. ಆದ್ದರಿಂದ ನಿಮಗೆ ಯಾವ ಎರಡನೇ ಕಥೆ ಬೇಕು ಅಂತ ಮೊದಲು ತೀರ್ಮಾನಿಸಿ.

ಆಮೇಲೆ ಕೊನೆ. ದೊಡ್ಡವರ ರೊಮ್ಯಾನ್ಸ್ ಕಾದಂಬರಿಯಲ್ಲಿ ಒಂದು ಗ್ಯಾರಂಟಿ ಇರುತ್ತದೆ. ಕೊನೆ ಸುಖವಾಗಿರಬೇಕು, ಕನಿಷ್ಠ ಆಶಾದಾಯಕವಾಗಿರಬೇಕು. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘವೇ ತನ್ನ ವ್ಯಾಖ್ಯೆಯಲ್ಲಿ ಹಾಗೆ ಬರೆದುಕೊಂಡಿದೆ. ಹದಿಹರೆಯದವರ ಪುಸ್ತಕಕ್ಕೆ ಆ ಗ್ಯಾರಂಟಿ ಇಲ್ಲ. ಹದಿನಾರರ ಪ್ರೀತಿ ಜೀವನಪೂರ್ತಿ ಉಳಿಯುತ್ತದೆ ಅಂತ ಯಾರು ಬರೆದುಕೊಡುತ್ತಾರೆ, ಅಲ್ವಾ? ಕೆಲವು ನಗುತ್ತ ಮುಗಿಯುತ್ತವೆ, ಕೆಲವು ಅಳಿಸುತ್ತವೆ, ಕೆಲವು ಬಾಗಿಲು ಅರ್ಧ ತೆರೆದೇ ಬಿಡುತ್ತವೆ. ಪರೀಕ್ಷೆಯ ಹಿಂದಿನ ವಾರ ಓದುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಗಟ್ಟಿಯಾಗಿ ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಪುಟ ಸಣ್ಣದಿದ್ದ ಮಾತ್ರಕ್ಕೆ ಭಾಷೆ ಸುಲಭ ಅಂತೇನಿಲ್ಲ. ಅಧ್ಯಾಯ ಎಷ್ಟು ಉದ್ದ, ಪಾತ್ರಗಳು ಎಷ್ಟು ಬುದ್ಧಿವಂತಿಕೆಯ ಮಾತಾಡುತ್ತವೆ, ಅಮೆರಿಕದ ಶಾಲೆಯ ರೀತಿ ರಿವಾಜು ಎಷ್ಟು ಗೊತ್ತಿರಬೇಕು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಉಳಿದ ಎರಡನ್ನು ಬೇಗ ಹೇಳಿಬಿಡುತ್ತೇನೆ. ವಯಸ್ಸಿಗೆ ಹೊಂದುತ್ತದಾ, ಅಂದರೆ ಬೈಗುಳ, ಹಿಂಸೆ, ಮೈ ಸಂಬಂಧದ ಪ್ರಸ್ತಾಪ ಎಷ್ಟಿದೆ. ಮತ್ತು ದುಡ್ಡು. ಒಂದೇ ಪುಸ್ತಕಕ್ಕೆ ಮುಗಿಯುತ್ತದಾ, ಮೂರು ಕೊಳ್ಳಬೇಕಾ, ಪುಕ್ಕಟೆ ಸಿಗುತ್ತದಾ.

ಲಾರಾ ಜೀನ್‌ಳ ಐದು ಪತ್ರ

ಥಟ್ಟನೆ ಒಂದು ಹೆಸರು ಹೇಳಿ ಅಂದರೆ ಬಹಳ ಜನ ಹೇಳುವುದು ಜೆನ್ನಿ ಹಾನ್ ಅವರ 'ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್' (2014). ಲಾರಾ ಜೀನ್‌ಗೆ 16 ವರ್ಷ. ತಾನು ಮೆಚ್ಚಿದ ಹುಡುಗರಿಗೆಲ್ಲ ಒಂದೊಂದು ಪತ್ರ ಬರೆದು, ಕಳಿಸದೆ, ಟೋಪಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಒಂದು ದಿನ ಐದೂ ಪತ್ರ ಅಂಚೆಗೆ ಹೋಗಿಬಿಡುತ್ತವೆ. ಅದರಲ್ಲೊಂದು ಸೇರುವುದು ಪಕ್ಕದ ಮನೆಯ ಜಾಶ್‌ಗೆ, ಅಂದರೆ ಅಕ್ಕನ ಮಾಜಿ ಗೆಳೆಯನಿಗೆ. ಮಾನ ಉಳಿಸಿಕೊಳ್ಳಲು ಅವಳು ಇನ್ನೊಬ್ಬ ಹುಡುಗ ಪೀಟರ್ ಜೊತೆ ಪ್ರೀತಿಯ ನಾಟಕ ಹೂಡುತ್ತಾಳೆ. ಅವನಿಗೂ ತನ್ನ ಹಳೆಯ ಗೆಳತಿಯ ಹೊಟ್ಟೆ ಉರಿಸಬೇಕಿದೆ.

ನಾಟಕ ಏನಾಗುತ್ತದೆ ಅಂತ ಎರಡನೇ ಅಧ್ಯಾಯದಲ್ಲೇ ಊಹಿಸಬಹುದು. ಆದರೆ ಈ ಪುಸ್ತಕದ ಜೀವ ಅಲ್ಲಿಲ್ಲ, ಮನೆಯಲ್ಲಿದೆ. ಕೊರಿಯನ್ ಮೂಲದ ಅಮ್ಮ ತೀರಿಹೋಗಿದ್ದಾಳೆ. ಮೂವರು ಹೆಣ್ಣುಮಕ್ಕಳನ್ನು ಡಾಕ್ಟರ್ ಅಪ್ಪ ಸಾಕುತ್ತಿದ್ದಾನೆ. ಅಮ್ಮನ ಜಾಗದಲ್ಲಿ ನಿಂತಿದ್ದ ದೊಡ್ಡ ಮಗಳು ಮಾರ್ಗೋ ಓದಲು ಸ್ಕಾಟ್ಲೆಂಡಿಗೆ ಹೊರಡುತ್ತಾಳೆ. ಈಗ ಮನೆ, ಅಡುಗೆ, ಪುಟ್ಟ ತಂಗಿ ಕಿಟ್ಟಿ ಎಲ್ಲ ನಡುವಿನವಳ ತಲೆಗೆ. ಅಕ್ಕ ಇಲ್ಲದ ಮನೆಯಲ್ಲಿ ಅಕ್ಕನಾಗುವುದು ಹೇಗೆ ಅನ್ನುವುದೇ ಇಲ್ಲಿನ ಎರಡನೇ ಕಥೆ. ಅಕ್ಕ ಮದುವೆಯಾಗಿ ಹೋದ ಮೇಲೆ ಮನೆಯ ಬೀಗದ ಕೈ ಕೈಗೆ ಬಂದ ನಮ್ಮ ಹುಡುಗಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಸರಳ, ಅಧ್ಯಾಯಗಳು ಪುಟ್ಟವು. ಹದಿಮೂರರವರಿಗೂ ಕೊಡಬಹುದು. ತೊಂದರೆ ಇರುವುದು ಕೊನೆಯಲ್ಲಿ. 2018ರ ನೆಟ್‌ಫ್ಲಿಕ್ಸ್ ಸಿನಿಮಾ ಮೈದಾನದಲ್ಲಿ ಸುಖವಾಗಿ ಮುಗಿಯುತ್ತದೆ. ಪುಸ್ತಕ ಹಾಗೆ ಮುಗಿಯುವುದಿಲ್ಲ. ಅವಳು ಮತ್ತೊಂದು ಪತ್ರ ಬರೆಯಲು ಕೂರುವಲ್ಲಿಗೆ ಪುಟಗಳು ಖಾಲಿ. 'ಇಷ್ಟೇನಾ?' ಅನಿಸುತ್ತದೆ. ಮುಂದೇನು ಅಂತ ತಿಳಿಯಲು 2015ರ ಎರಡನೇ ಪುಸ್ತಕ ಬೇಕು. ಕಾಲೇಜು ಸೇರುವ ಹೊತ್ತಿನಲ್ಲಿ ಇಬ್ಬರ ದಾರಿ ಏನಾಗುತ್ತದೆ ಅನ್ನುವುದಕ್ಕೆ 2017ರ ಮೂರನೆಯದು. ಅಂದರೆ ನೀವು ಕೊಳ್ಳುತ್ತಿರುವುದು ಒಂದು ಪುಸ್ತಕವಲ್ಲ, ಮೂರು. ಇದನ್ನು ಮೊದಲೇ ತಿಳಿದು ಕೊಂಡರೆ ಬೇಜಾರಿಲ್ಲ. ಅಂದ ಹಾಗೆ, ಮೂರರಲ್ಲಿ ನನಗೆ ಇಷ್ಟವಾದದ್ದು ಕೊನೆಯದು. ಪಿಯುಸಿ ಮುಗಿದು ಗೆಳೆಯರೆಲ್ಲ ಚದುರಿಹೋಗುವ ಬೇಸಿಗೆಯ ಸಂಕಟ ಅದರಲ್ಲಿ ಚೆನ್ನಾಗಿ ಬಂದಿದೆ.

ಇದೇ ಲೇಖಕಿಯ 'ದ ಸಮ್ಮರ್ ಐ ಟರ್ನ್ಡ್ ಪ್ರೆಟಿ' (2009) ಕೂಡ ಮೂರು ಪುಸ್ತಕದ್ದೇ. ಪ್ರೈಮ್ ವಿಡಿಯೋ ಸರಣಿಯಿಂದ ಮತ್ತೆ ಓಡುತ್ತಿದೆ. ಒಬ್ಬ ಹುಡುಗಿ, ಅಣ್ಣತಮ್ಮಂದಿರಿಬ್ಬರು. ಅಣ್ಣನ ಪಕ್ಷವಾ, ತಮ್ಮನ ಪಕ್ಷವಾ ಅಂತ ಗೆಳತಿಯರ ಜೊತೆ ಕಿತ್ತಾಡುವ ಮಜಾ ಬೇಕಿದ್ದರೆ ಅದು. ಇಲ್ಲದಿದ್ದರೆ ಲಾರಾ ಜೀನ್ ಸಾಕು.

ಅಳಬೇಕು ಅನ್ನುವವರಿಗೆ

ಜಾನ್ ಗ್ರೀನ್ ಅವರ 'ದ ಫಾಲ್ಟ್ ಇನ್ ಅವರ್ ಸ್ಟಾರ್ಸ್' (2012) ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಇಂಡಿಯಾನಾಪೊಲಿಸ್‌ನ ಹೇಝಲ್‌ಗೆ ಥೈರಾಯ್ಡ್ ಕ್ಯಾನ್ಸರ್, ಅದು ಶ್ವಾಸಕೋಶಕ್ಕೆ ಹಬ್ಬಿದೆ. ಎಲ್ಲಿಗೆ ಹೋದರೂ ಆಮ್ಲಜನಕದ ಸಿಲಿಂಡರ್ ಜೊತೆಗಿರಬೇಕು. ಕ್ಯಾನ್ಸರ್ ರೋಗಿಗಳ ಗುಂಪಿನಲ್ಲಿ ಆಗಸ್ಟಸ್ ಸಿಗುತ್ತಾನೆ, ಮೂಳೆ ಕ್ಯಾನ್ಸರಿನಲ್ಲಿ ಕಾಲು ಕಳೆದುಕೊಂಡವನು. ಅವಳಿಗೆ ಪ್ರಾಣವಾದ ಪುಸ್ತಕದ ಲೇಖಕನನ್ನು ಹುಡುಕಿ ಇಬ್ಬರೂ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾರೆ. 2020ರಲ್ಲಿ ಬಂದ ಹಿಂದಿಯ 'ದಿಲ್ ಬೇಚಾರಾ' ಇದೇ ಕಥೆ. ಅದನ್ನು ನೋಡಿದವರಿಗೆ ಕೊನೆ ಗೊತ್ತು.

ಹಾಗಾದರೆ ಮತ್ತೆ ಓದುವುದು ಯಾಕೆ? ಹೇಝಲ್‌ಳ ದನಿಗಾಗಿ. ಸಾಯುವವರ ಬಗ್ಗೆ ಜನ ಆಡುವ ಸಿಹಿಮಾತುಗಳನ್ನು ಅವಳು ಒಂದೊಂದಾಗಿ ಗೇಲಿ ಮಾಡುತ್ತಾಳೆ. ಆ ನಗು ಸಿನಿಮಾಕ್ಕಿಂತ ಪುಸ್ತಕದಲ್ಲಿ ಹರಿತ. ಇನ್ನೊಂದು ಕಡೆ, ಈ ಹುಡುಗ ಹುಡುಗಿ ಹದಿನಾರು ಹದಿನೇಳರವರಂತೆ ಮಾತಾಡುವುದೇ ಇಲ್ಲ, ತತ್ವಶಾಸ್ತ್ರದ ಮೇಷ್ಟ್ರ ಥರ ಮಾತಾಡುತ್ತಾರೆ. ಕೆಲವರಿಗೆ ಅದೇ ಚಂದ, ಕೆಲವರಿಗೆ ಕಿರಿಕಿರಿ. ಇಂಗ್ಲಿಷ್ ಓದು ಈಗಷ್ಟೇ ಶುರು ಮಾಡಿದವರಿಗೆ ಇದು ಎರಡನೇ ಅಥವಾ ಮೂರನೇ ಪುಸ್ತಕವಾಗಿರಲಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಈಗ ಬೇಡ. ಅಂಥವರಿಗೆ ಇದನ್ನು 'ಮನಸ್ಸಿಗೆ ಧೈರ್ಯ ಕೊಡುತ್ತದೆ' ಅಂತ ಉಡುಗೊರೆ ಕೊಡುವವರೂ ಇದ್ದಾರೆ, ದಯವಿಟ್ಟು ಬೇಡ.

ಒಂದೇ ಪುಸ್ತಕಕ್ಕೆ ಮುಗಿಯುತ್ತದೆ. ಹಳೆ ಪುಸ್ತಕದ ಅಂಗಡಿಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಪುಸ್ತಕಗಳಲ್ಲಿ ಇದೂ ಒಂದು.

ಒಂದೇ ದಿನದ ಕಥೆ

ನಿಕೋಲಾ ಯೂನ್ ಅವರ 'ದ ಸನ್ ಈಸ್ ಆಲ್ಸೋ ಎ ಸ್ಟಾರ್' (2016) ನಡೆಯುವುದು ನ್ಯೂಯಾರ್ಕಿನಲ್ಲಿ, ಒಂದೇ ದಿನದಲ್ಲಿ. ನತಾಶಾ ಜಮೈಕಾದಿಂದ ಬಂದವಳು, ಕುಟುಂಬಕ್ಕೆ ಕಾಗದಪತ್ರ ಇಲ್ಲ. ಆ ರಾತ್ರಿಯೇ ಅವರನ್ನು ದೇಶದಿಂದ ಕಳಿಸಲಿದ್ದಾರೆ. ಡೇನಿಯಲ್ ಕೊರಿಯನ್ ಅಂಗಡಿಯವರ ಮಗ. ಅಪ್ಪ ಅಮ್ಮನಿಗೆ ಅವನು ಡಾಕ್ಟರ್ ಆಗಬೇಕು, ಅವನಿಗೆ ಕವಿತೆ ಬರೆಯಬೇಕು. ಅವತ್ತೇ ಅವನಿಗೆ ಯೇಲ್ ವಿಶ್ವವಿದ್ಯಾಲಯದ ಸಂದರ್ಶನ. ಅವಳು ವಿಜ್ಞಾನದವಳು, ಪ್ರೀತಿ ಅನ್ನುವುದೆಲ್ಲ ಮಿದುಳಿನ ರಸಾಯನ ಅನ್ನುತ್ತಾಳೆ. ಅವನು, ಕೆಲವು ಪ್ರಶ್ನೆ ಕೇಳಿ ಪ್ರೀತಿ ಹುಟ್ಟಿಸುವ ಪ್ರಯೋಗವೇ ಇದೆ, ಮಾಡೋಣ ಬಾ ಅನ್ನುತ್ತಾನೆ.

ಒಂದೇ ದಿನದಲ್ಲಿ ಪ್ರೀತಿ ಹುಟ್ಟುವುದು ನಂಬುವ ಮಾತಾ ಅಂತ ಮೂಗು ಮುರಿಯುವವರಿದ್ದಾರೆ. ನಾನೂ ಸ್ವಲ್ಪ ಮುರಿದೆ. ಆದರೂ ಈ ಪುಸ್ತಕ ನನ್ನನ್ನು ಹಿಡಿದಿಟ್ಟದ್ದು ಬೇರೆ ಕಾರಣಕ್ಕೆ. ನಡುನಡುವೆ ದಾರಿಹೋಕರಿಗೂ ಒಂದೊಂದು ಪುಟ್ಟ ಅಧ್ಯಾಯ ಬರುತ್ತದೆ. ಕಚೇರಿಯ ಕಾವಲಿನವಳು, ವಕೀಲ, ರೈಲು ಓಡಿಸುವವನು. ಕಪ್ಪು ಹೆಂಗಸರ ಕೂದಲ ಸಾಮಾನಿನ ವ್ಯಾಪಾರ ಕೊರಿಯನ್ನರ ಕೈಗೆ ಬಂದದ್ದು ಹೇಗೆ ಅನ್ನುವುದಕ್ಕೂ ಒಂದು ಅಧ್ಯಾಯ ಇದೆ. ಪ್ರೇಮಕಥೆ ಓದುತ್ತ ಓದುತ್ತ ವಲಸೆ ಬಂದವರ ಊರೊಂದು ಕಣ್ಣಮುಂದೆ ನಿಲ್ಲುತ್ತದೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಅವರದು ನತಾಶಾಳ ಸ್ಥಿತಿಯಲ್ಲ, ಕಾಗದಪತ್ರ ಸರಿಯಾಗಿಯೇ ಇರುತ್ತದೆ. ಆದರೆ ಎಚ್-1ಬಿ ವೀಸಾದಲ್ಲಿರುವವರ ಮಕ್ಕಳು 21 ತುಂಬಿದಾಗ ಅಪ್ಪ ಅಮ್ಮನ ವೀಸಾದ ಆಸರೆ ಕಳೆದುಕೊಳ್ಳುತ್ತಾರೆ. ಬೆಳೆದ ಊರು ತನ್ನದೋ ಅಲ್ಲವೋ ಅನ್ನುವ ಆತಂಕ ಅವರಿಗೂ ಗೊತ್ತು.

ಅಧ್ಯಾಯಗಳು ಎಷ್ಟು ಸಣ್ಣವೆಂದರೆ ಬಸ್ಸಿನಲ್ಲಿ ಎರಡು ಸ್ಟಾಪಿನ ನಡುವೆ ಒಂದು ಮುಗಿಯುತ್ತದೆ. ಇಂಗ್ಲಿಷ್ ಮಧ್ಯಮ ಮಟ್ಟದ್ದು. ಕೊನೆ ಪೂರ್ತಿ ಸಿಹಿಯಲ್ಲ, ಪೂರ್ತಿ ಕಹಿಯೂ ಅಲ್ಲ. ಅದಕ್ಕಿಂತ ಜಾಸ್ತಿ ಹೇಳಿದರೆ ಓದುವ ಸುಖ ಹಾಳು.

ಒಗರಾದದ್ದು

ರೇನ್‌ಬೋ ರಾವೆಲ್ ಅವರ 'ಎಲಿನರ್ ಅಂಡ್ ಪಾರ್ಕ್' (2013) ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರೆದದ್ದು. ಎಲ್ಲಕ್ಕಿಂತ ಯೋಚಿಸಿ ಕೊಡಬೇಕಾದದ್ದೂ ಇದೇ. 1986ರ ಅಮೆರಿಕ, ಒಮಾಹಾ ಅನ್ನುವ ಊರು. ಶಾಲೆಯ ಬಸ್ಸಿನಲ್ಲಿ ಬೇರೆ ಸೀಟಿಲ್ಲದೆ ಇಬ್ಬರು ಪಕ್ಕಪಕ್ಕ ಕೂರುತ್ತಾರೆ. ಎಷ್ಟೋ ದಿನ ಮಾತೇ ಇಲ್ಲ. ಅವನು ಕಾಮಿಕ್ಸ್ ಓದುತ್ತಾನೆ, ಅವಳು ಓರೆಗಣ್ಣಿನಲ್ಲಿ ಓದುತ್ತಾಳೆ. ಅದು ಗೊತ್ತಾದ ಮೇಲೆ ಅವನು ಪುಟವನ್ನು ನಿಧಾನವಾಗಿ ತಿರುಗಿಸುತ್ತಾನೆ. ಪ್ರೀತಿ ಹುಟ್ಟುವುದನ್ನು ಇಷ್ಟು ಸದ್ದಿಲ್ಲದೆ ಬರೆದವರು ಕಡಿಮೆ.

ಆದರೆ ಎಲಿನರ್‌ಳ ಮನೆ ನರಕ. ಮಲತಂದೆ ಕುಡುಕ, ಕ್ರೂರಿ. ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಹಲ್ಲುಜ್ಜುವ ಬ್ರಷ್ಷಿಗೂ ಗತಿಯಿಲ್ಲ. ಬೈಗುಳ ಮೊದಲ ಪುಟದಿಂದಲೇ ಶುರು. ಹದಿನಾರಕ್ಕಿಂತ ಚಿಕ್ಕವರಿಗೆ ನಾನು ಕೊಡುವುದಿಲ್ಲ. ಕೊಟ್ಟರೂ ಆಮೇಲೆ ಕೂತು ಮಾತಾಡಲು ದೊಡ್ಡವರೊಬ್ಬರು ಇರಬೇಕು. ಇನ್ನೊಂದು ಆಕ್ಷೇಪವೂ ಇದೆ. ಪಾರ್ಕ್‌ನ ತಾಯಿ ಕೊರಿಯಾದವಳು. ಅವಳನ್ನೂ ಅವನನ್ನೂ ಚಿತ್ರಿಸಿದ ರೀತಿ ಹೊರಗಿನವರ ಕಣ್ಣಿನದು ಅಂತ ಕೊರಿಯನ್ ಅಮೆರಿಕನ್ ಓದುಗರು ಟೀಕಿಸಿದ್ದಾರೆ. ಓದಿದರೆ ಅವರ ಮಾತು ಸರಿ ಅನಿಸುವ ಜಾಗಗಳು ಸಿಗುತ್ತವೆ. ಹಾಗಂತ ಪುಸ್ತಕವನ್ನೇ ಬಿಟ್ಟುಬಿಡಿ ಅನ್ನಲಾರೆ.

ಮೂವತ್ತು ದಾಟಿದವರಿಗೆ, ವಾಕ್‌ಮನ್ ಮತ್ತು ಕ್ಯಾಸೆಟ್ ಕಾಲ ಕಂಡವರಿಗೆ ಇದೇ ಮೊದಲ ಆಯ್ಕೆ. ಕೊನೆ ತೆರೆದದ್ದು.

ನಮ್ಮವರ ಕಥೆ ಬೇಕು ಅಂದರೆ

ಇಲ್ಲಿ ಎರಡು ಪುಸ್ತಕಗಳ ನಡುವೆ ಜನ ನಿಜವಾಗಿ ತೂಗಾಡುತ್ತಾರೆ. ಸಂಧ್ಯಾ ಮೆನನ್ ಅವರ 'ವೆನ್ ಡಿಂಪಲ್ ಮೆಟ್ ರಿಷಿ' (2017) ಮತ್ತು ಬೆಂಗಳೂರಿನ ಅಂದಲೀಬ್ ವಾಜಿದ್ ಅವರ 'ಅಸ್ಮಾರಾಸ್ ಸಮ್ಮರ್' (2016). ಎರಡಕ್ಕೂ ಪರದೆಯ ಭಾಗ್ಯ ಬಂದಿದೆ. ಮೊದಲನೆಯದು ನೆಟ್‌ಫ್ಲಿಕ್ಸ್‌ನ 'ಮಿಸ್‌ಮ್ಯಾಚ್ಡ್' (2020) ಆಯಿತು, ಎರಡನೆಯದು ಪ್ರೈಮ್ ವಿಡಿಯೋದ 'ದಿಲ್ ದೋಸ್ತಿ ಡೈಲೆಮಾ' (2024).

ಡಿಂಪಲ್ ಶಾ ಕ್ಯಾಲಿಫೋರ್ನಿಯಾದ ಹುಡುಗಿ, ಕೋಡಿಂಗ್ ಅಂದರೆ ಪ್ರಾಣ. ಅಮ್ಮನಿಗೆ ಅವಳ ಮದುವೆಯ ಚಿಂತೆ. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋಡಿಂಗ್ ಶಿಬಿರಕ್ಕೆ ಹೋಗುತ್ತೇನೆ ಅಂದಾಗ ಅಪ್ಪ ಅಮ್ಮ ಯಾಕೋ ಸುಲಭವಾಗಿ ಒಪ್ಪುತ್ತಾರೆ. ಕಾರಣ ರಿಷಿ ಪಟೇಲ್. ಎರಡೂ ಮನೆಯವರು ಮಾತಾಡಿಕೊಂಡಿದ್ದಾರೆ, ಹುಡುಗನಿಗೂ ಗೊತ್ತು, ಡಿಂಪಲ್‌ಗೆ ಮಾತ್ರ ಗೊತ್ತಿಲ್ಲ. ಅವನು ನಗುತ್ತ ಬಂದು ಭಾವೀ ಹೆಂಡತಿ ಅಂತಲೇ ಮಾತು ಶುರು ಮಾಡುತ್ತಾನೆ. ಅವಳ ಕೈಯಲ್ಲಿದ್ದ ತಣ್ಣನೆಯ ಕಾಫಿ ಅವನ ಮೇಲೆ.

ಇದರಲ್ಲಿ ಚೆನ್ನಾಗಿರುವುದು ಏನೆಂದರೆ, ಮನೆಯವರು ನೋಡಿದ ಸಂಬಂಧವನ್ನು ಬರೀ ಖಳನಾಗಿ ತೋರಿಸಿಲ್ಲ. ರಿಷಿಗೆ ಸಂಪ್ರದಾಯ ನಿಜವಾಗಿಯೂ ಇಷ್ಟ. ಡಿಂಪಲ್‌ಗೆ ಉಸಿರು ಕಟ್ಟುತ್ತದೆ. ಇಬ್ಬರ ಮಾತಿನಲ್ಲೂ ನಿಜ ಇದೆ. ನನಗೆ ಹಿಡಿಸದ್ದು, ಕೋಡಿಂಗ್ ಹುಡುಗಿಯ ಕಥೆಯಲ್ಲಿ ಕೋಡಿಂಗೇ ಹೋಗ್ತಾ ಹೋಗ್ತಾ ಮಾಯವಾಗುವುದು. ಪ್ರತಿಭಾ ಪ್ರದರ್ಶನದ ಕುಣಿತಕ್ಕೆ ಸಿಕ್ಕಷ್ಟು ಪುಟ ಅವಳ ಆ್ಯಪಿಗೆ ಸಿಕ್ಕಿಲ್ಲ ಅನಿಸುತ್ತದೆ. 'ನಮ್ಮವರು' ಅಂದರೂ ಅದು ಹಿಂದಿ ಮಾತಾಡುವ ಮನೆಯ ಅಮೆರಿಕ. ಮಾತಿನಲ್ಲಿ ಹಿಂದಿ, ಹಿನ್ನೆಲೆಯಲ್ಲಿ ಬಾಲಿವುಡ್. ಇಬ್ಬರೂ ಹತ್ತಿರವಾಗುವ ಒಂದು ಪ್ರಸಂಗ ಇದೆ, ಮಿತವಾಗಿಯೇ ಬರೆದದ್ದು. ಹದಿನೈದರ ಮೇಲಿನವರಿಗೆ ಸರಿ.

ಅಸ್ಮಾರಾ ಬೆಂಗಳೂರಿನ ಅನುಕೂಲಸ್ಥರ ಮನೆಯ ಹುಡುಗಿ. ರಜೆಯನ್ನು ಟ್ಯಾನರಿ ರೋಡಿನ ಅಜ್ಜಿ ತಾತನ ಮನೆಯಲ್ಲಿ ಕಳೆಯಬೇಕಾಗಿ ಬರುತ್ತದೆ. ಅವಳಿಗೆ ಅವಮಾನ. ಅಲ್ಲಿನ ಗದ್ದಲ, ಅಲ್ಲಿನ ಹುಡುಗಿಯರ ಉಡುಪು, ಯಾವುದೂ ಅವಳ ಗೆಳತಿಯರ ಲೋಕಕ್ಕೆ ಸೇರಿದ್ದಲ್ಲ. ಎಲ್ಲಿದ್ದೇನೆ ಅಂತ ಅವರಿಗೆ ತಿಳಿಯದಂತೆ ಮುಚ್ಚಿಡುತ್ತಾಳೆ. ಪಕ್ಕದಲ್ಲೇ ಒಬ್ಬ ಹುಡುಗ ಇದ್ದಾನೆ ಅಂತ ಬೇರೆ ಹೇಳಬೇಕಾ?

ನೀವು ಬೆಂಗಳೂರಿನವರಾದರೆ ಗೊತ್ತು, ಟ್ಯಾನರಿ ರೋಡಿಗೂ ಪಕ್ಕದ ಫ್ರೇಜರ್ ಟೌನಿಗೂ ನಡೆದು ಹೋಗುವಷ್ಟೇ ದೂರ, ಆದರೆ ಮರ್ಯಾದೆಯ ಲೆಕ್ಕದಲ್ಲಿ ಎರಡು ಊರು. ಒಂದೇ ಊರಿನೊಳಗಿನ ಈ ಮೇಲು ಕೀಳು, ನಮ್ಮ ವಿಳಾಸದ ಬಗ್ಗೆ ನಮಗೇ ಇರುವ ನಾಚಿಕೆ, ಇದು ಇಲ್ಲಿನ ಎರಡನೇ ಕಥೆ. ಬೆಂಗಳೂರಿನ ಮುಸ್ಲಿಂ ಮನೆಯ ಒಳಗನ್ನು ಒಂದು ಸಮಸ್ಯೆಯಾಗಿ ತೋರಿಸದೆ ಸುಮ್ನೆ ಒಂದು ಮನೆಯಾಗಿ ತೋರಿಸುವ ಪುಸ್ತಕ ಸಿಗುವುದು ಅಪರೂಪ. ಭಾಷೆ ತಿಳಿ, ಗಾತ್ರ ಚಿಕ್ಕದು, ಹದಿಮೂರರವರಿಗೂ ಆಗುತ್ತದೆ. ಬರವಣಿಗೆಯಲ್ಲಿ ನಿಕೋಲಾ ಯೂನ್ ಅವರಷ್ಟು ಆಟ ಇಲ್ಲ, ಕಥೆ ನೇರವಾಗಿ ಹೋಗುತ್ತದೆ. ಮೊದಲ ಸಲ ಇಂಗ್ಲಿಷ್ ಕಾದಂಬರಿ ಓದುವವರಿಗೆ ಅದು ಅನುಕೂಲವೇ. ಊರು ಗೊತ್ತಿದ್ದರೆ ಅರ್ಧ ಓದು ಸುಲಭವಾಗಿಬಿಡುತ್ತದೆ.

ಹಾಗಾಗಿ ಡಿಂಪಲ್‌ಳಾ ಅಸ್ಮಾರಾಳಾ ಅಂತ ಕೇಳಿದರೆ, ಮನೆಯಲ್ಲಿ ಈಗಾಗಲೇ ಸಂಬಂಧದ ಮಾತು ಕಿವಿಗೆ ಬೀಳುತ್ತಿರುವ ಇಂಜಿನಿಯರಿಂಗ್ ಹುಡುಗಿಗೆ ಡಿಂಪಲ್. ಉಳಿದವರಿಗೆಲ್ಲ ಅಸ್ಮಾರಾ.

ಓದುವ ಅಭ್ಯಾಸವೇ ಇಲ್ಲ ಅನ್ನುವವರಿಗೆ

ಆಲಿಸ್ ಓಸ್ಮನ್ ಅವರ 'ಹಾರ್ಟ್‌ಸ್ಟಾಪರ್' ಚಿತ್ರಕಾದಂಬರಿ. 2016ರಲ್ಲಿ ಇಂಟರ್ನೆಟ್ಟಿನಲ್ಲಿ ಕಂತು ಕಂತಾಗಿ ಶುರುವಾಯಿತು. ಇಂಗ್ಲೆಂಡಿನ ಗಂಡುಮಕ್ಕಳ ಶಾಲೆ. ಚಾರ್ಲಿ ಮೆತ್ತಗಿನ ಹುಡುಗ, ತಾನು ಗೇ ಅಂತ ಎಲ್ಲರಿಗೂ ಗೊತ್ತಾದ ಮೇಲೆ ಹಿಂಸೆ ಅನುಭವಿಸಿದವನು. ನಿಕ್ ರಗ್ಬಿ ಆಟಗಾರ. ಇಬ್ಬರನ್ನೂ ತರಗತಿಯಲ್ಲಿ ಪಕ್ಕಪಕ್ಕ ಕೂರಿಸುತ್ತಾರೆ. ಮಾತು ಕಡಿಮೆ, ಮುಖಗಳು ಜಾಸ್ತಿ. ಒಂದು ಸಂಪುಟ ಒಂದು ಸಂಜೆಗೆ ಮುಗಿಯುತ್ತದೆ.

ಇಂಗ್ಲಿಷಿನ ಭಯ ಇರುವವರಿಗೆ ಇದಕ್ಕಿಂತ ಸುಲಭದ ಬಾಗಿಲಿಲ್ಲ. ಅಚ್ಚಾದ ಸಂಪುಟಗಳನ್ನೆಲ್ಲ ಕೊಂಡರೆ ಈ ಪಟ್ಟಿಯಲ್ಲಿ ಅತಿ ದುಬಾರಿ. ಆದರೆ ಇದೇ ಕಥೆ ವೆಬ್‌ಟೂನ್ ಮತ್ತು ಟಪಾಸ್ ತಾಣಗಳಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ಮೊದಲು ಅಲ್ಲಿ ನೋಡಿ. ಇಷ್ಟವಾದರೆ ಒಂದು ಸಂಪುಟ ಕೊಳ್ಳಿ. ಎರಡು ಸಂಪುಟ ಮುದ್ದುಮುದ್ದಾಗಿ ಹೋಗುವ ಕಥೆ ಆಮೇಲೆ ಚಾರ್ಲಿಯ ಊಟದ ಕಾಯಿಲೆ (ಈಟಿಂಗ್ ಡಿಸಾರ್ಡರ್), ಮೈಗೆ ಗಾಯ ಮಾಡಿಕೊಳ್ಳುವಿಕೆಯ ಕಡೆಗೆ ತಿರುಗುತ್ತದೆ. ಅದನ್ನು ಜವಾಬ್ದಾರಿಯಿಂದ ಬರೆದಿದ್ದಾರೆ. ಪ್ರೀತಿ ಸಿಕ್ಕ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ, ಡಾಕ್ಟರ್ ಬೇಕು ಅನ್ನುತ್ತದೆ ಕಥೆ. ಆದರೂ ಆ ಕಷ್ಟ ಇರುವ ಮಕ್ಕಳ ಕೈಗೆ ಕೊಡುವ ಮುನ್ನ ಗೊತ್ತಿರಲಿ.

ಕನ್ನಡದಲ್ಲಿ?

ಇದು ಕೇಳಲೇಬೇಕಾದ ಪ್ರಶ್ನೆ. ಸಾಯಿಸುತೆ, ಉಷಾ ನವರತ್ನರಾಂ ಅವರ ಕಾದಂಬರಿಗಳನ್ನು ನಮ್ಮ ಅಮ್ಮಂದಿರು ಲೈಬ್ರರಿಯಿಂದ ತಂದು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಪ್ರೀತಿಗೆ ಅಲ್ಲಿ ಬರವಿಲ್ಲ. ಆದರೆ ಅಲ್ಲಿನ ನಾಯಕಿಯರು ಹೆಚ್ಚಾಗಿ ಮದುವೆಯ ವಯಸ್ಸಿನವರು, ಕಥೆ ಮದುವೆಯ ಕಡೆಗೋ ಮದುವೆಯ ಕಷ್ಟದ ಕಡೆಗೋ ನಡೆಯುತ್ತದೆ. ಹತ್ತನೇ ಕ್ಲಾಸಿನ ಹುಡುಗಿಯ ಮೊದಲ ಗೊಂದಲಕ್ಕೇ ಮೀಸಲಾದ ಕಪಾಟು ನಮ್ಮ ಅಂಗಡಿಗಳಲ್ಲಿ ಇನ್ನೂ ಕಾಣುವುದಿಲ್ಲ. ಪ್ರತಿಲಿಪಿಯಂಥ ಆ್ಯಪುಗಳಲ್ಲಿ ಕಾಲೇಜು ಪ್ರೇಮದ ಕನ್ನಡ ಧಾರಾವಾಹಿಗಳು ಧಾರಾಳವಾಗಿವೆ. ಅದರಲ್ಲಿ ಜಳ್ಳು ಜಾಸ್ತಿ, ಹುಡುಕಿದರೆ ಕಾಳೂ ಸಿಗುತ್ತದೆ. ಒಂದೇ ಎಚ್ಚರ: ಅಲ್ಲಿ ವಯಸ್ಸಿನ ವಿಂಗಡಣೆಯನ್ನು ನಂಬಿ ಚಿಕ್ಕವರ ಕೈಗೆ ಫೋನ್ ಕೊಡಬೇಡಿ. ಹಠ ಹಿಡಿದು ಹುಡುಗಿಯನ್ನು ಹಿಂಬಾಲಿಸುವವನನ್ನೇ ನಾಯಕ ಮಾಡುವ ಕಥೆಗಳು ಅಲ್ಲಿ ಬೇಕಾದಷ್ಟಿವೆ.

ಹಾಗಾದರೆ ನೀವು

ಮಗಳಿಗೆ ಹದಿಮೂರು, ಇಂಗ್ಲಿಷ್ ಪರವಾಗಿಲ್ಲ, ಅಳುವುದು ಬೇಡ ಅನ್ನುವ ತಾಯಿಗೆ ನಾನು ಹೇಳುವುದು ಲಾರಾ ಜೀನ್, ಮೂರೂ ಪುಸ್ತಕ ಕೊಡಿಸುವ ಮನಸ್ಸಿದ್ದರೆ. ಒಂದಕ್ಕೇ ಬಜೆಟ್ ಅಂದರೆ ಅಸ್ಮಾರಾ. ಪಿಯುಸಿಯಲ್ಲಿದ್ದು, ಓದಿನಲ್ಲಿ ಪಳಗಿದ್ದು, ತಿಂಗಳಿಗೆ ಒಂದೇ ಪುಸ್ತಕ ಕೊಳ್ಳಲು ಆಗುವುದಾದರೆ ನಿಕೋಲಾ ಯೂನ್. ಅದೊಂದು ಪುಸ್ತಕದಲ್ಲಿ ಪ್ರೀತಿ, ವಲಸೆ, ವಿಜ್ಞಾನ, ಅಪ್ಪನ ಮೇಲಿನ ಸಿಟ್ಟು ಎಲ್ಲ ಸಿಗುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮನಸ್ಸು ಭಾರ ಮಾಡಿಕೊಂಡು ಒಂದು ಸಲ ಚೆನ್ನಾಗಿ ಅತ್ತುಬಿಡಬೇಕು ಅನ್ನುವವರಿಗೆ ಜಾನ್ ಗ್ರೀನ್. ಆ ನಲವತ್ತರ ಗೆಳೆಯನಿಗೆ ಎಲಿನರ್, ಹಗುರವಾದದ್ದು ಅಂತ ಅವನು ಕೇಳಿದ್ದರೂ. ಕೈಯಲ್ಲಿ ದುಡ್ಡೇ ಇಲ್ಲ ಅಂದರೆ ಹಾರ್ಟ್‌ಸ್ಟಾಪರ್, ಇವತ್ತು ರಾತ್ರಿಯೇ ಶುರು ಮಾಡಬಹುದು.

ಕೊಳ್ಳುವ ಮುನ್ನ ಆನ್‌ಲೈನ್ ಅಂಗಡಿಯಲ್ಲಿ ಉಚಿತ ಸ್ಯಾಂಪಲ್ ಪುಟಗಳನ್ನು ಓದಿ ನೋಡಿ. ಮೊದಲ ಹತ್ತು ಪುಟದಲ್ಲಿ ಡಿಕ್ಷನರಿ ಹತ್ತಾರು ಸಲ ಬೇಕಾದರೆ ಆ ಪುಸ್ತಕಕ್ಕೆ ಇನ್ನೂ ಸಮಯ ಇದೆ. ಕಿಂಡಲ್‌ನಲ್ಲಿ ಪದ ಒತ್ತಿ ಹಿಡಿದರೆ ಅರ್ಥ ಬರುತ್ತದೆ, ಕಲಿಯುವವರಿಗೆ ಅದು ದೊಡ್ಡ ಸಹಾಯ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಸುತ್ತಾಡಿ. ಜೆನ್ನಿ ಹಾನ್, ಜಾನ್ ಗ್ರೀನ್ ಅಲ್ಲಿ ಅರ್ಧ ಬೆಲೆಗೆ ಸಿಕ್ಕರೆ ಆಶ್ಚರ್ಯವಿಲ್ಲ. ಫುಟ್‌ಪಾತಿನ ಕಳ್ಳಪ್ರತಿ ಮಾತ್ರ ಬೇಡ. ಬರೆದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ ಅನ್ನುವುದು ಒಂದು. ಇನ್ನೊಂದು, ಅವುಗಳಲ್ಲಿ ಪುಟ ಹಿಂದುಮುಂದಾಗಿರುತ್ತವೆ, ಕೆಲವು ಸಲ ಕಾಣೆಯೂ ಆಗಿರುತ್ತವೆ. ಎಲಿನರ್‌ಳ ಕಥೆಯಲ್ಲಂತೂ ಏನಾಯಿತು ಅನ್ನುವುದು ಗೊತ್ತಾಗುವುದೇ ಕೊನೆಯ ಪುಟದಲ್ಲಿ, ಅದೂ ಅರ್ಧಂಬರ್ಧ.